ಮಳೆ ಬಂದರೆ ಬೀಳುವ ಆರ್‌ಸಿಸಿಬಿ: ಅಂಗಳದ ಪ್ಲಗ್ ಪಾಯಿಂಟ್‌ನ ದೋಷ ಹುಡುಕುವ ಬಗೆ

ಜೂನ್ ಶುರುವಾದರೆ ಸಾಕು, ಮಂಗಳೂರು, ಉಡುಪಿ ಕಡೆಯ ಎಲೆಕ್ಟ್ರಿಶಿಯನ್‌ಗಳಿಗೆ ಫೋನ್ ಕೆಳಗಿಡಲು ಪುರುಸೊತ್ತಿರುವುದಿಲ್ಲ. ದೂರು ಹೆಚ್ಚಾಗಿ ಒಂದೇ: ಮಳೆ ಬಂತು, ಇಡೀ ಮನೆಯ ಕರೆಂಟ್ ಹೋಯ್ತು, ಹೊರಗಿನ ಪ್ಲಗ್ ಪಾಯಿಂಟ್ ಇರಬೇಕು. ಅವರು ಬರುತ್ತಾರೆ. ಹಳೇ ಸಾಕೆಟ್ ಬಿಚ್ಚಿ ಹೊಸದು ಹಾಕುತ್ತಾರೆ. ಅಷ್ಟೊತ್ತಿಗೆ ಬಿಸಿಲು ಬಂದಿರುತ್ತದೆ, ಬಿದ್ದಿದ್ದ ಆರ್‌ಸಿಸಿಬಿಯನ್ನು, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚನ್ನು, ಮೇಲೆತ್ತಿದರೆ ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಮುಂದಿನ ಜೋರು ಮಳೆಗೆ ಮತ್ತೆ ಅದೇ ಕತೆ. ಬಿಸಿಲು ಸರಿಮಾಡಿದ್ದನ್ನು ಸಾಕೆಟ್ ಸರಿಮಾಡಿತು ಅಂದುಕೊಳ್ಳುತ್ತೇವೆ, ತೊಂದರೆ ಅಲ್ಲೇ ಇರುವುದು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಿಗೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಕಡಲ ಕಡೆಯಿಂದ ಗಾಳಿಯ ಜೊತೆ ಅಡ್ಡಡ್ಡ ಬರುವ ಮಳೆ. ಕಂಪೌಂಡ್ ಗೋಡೆಯ ಸಾಕೆಟ್, ಬಾವಿಕಟ್ಟೆಯ ಪಂಪ್ ಪಾಯಿಂಟ್, ಒಗೆಯುವ ಕಲ್ಲಿನ ಪಕ್ಕದ್ದು, ಟೆರೇಸಿನದ್ದು ಎಲ್ಲವೂ ನಾಲ್ಕು ತಿಂಗಳು ಇದನ್ನು ತಿನ್ನಬೇಕು. ಇವುಗಳಲ್ಲಿ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚಲು ಒಂದು ಕ್ರಮ ಇದೆ. ಅದರ ಮೊದಲರ್ಧವನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ಮನೆಯವರೇ ಮಾಡಬಹುದು. ಉಳಿದರ್ಧ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೆಲಸ. ಆದರೂ ಅವರು ಏನು ಮಾಡುತ್ತಿದ್ದಾರೆ ಅಂತ ನಮಗೆ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ಕೈ ಹಾಕುವ ಮೊದಲು

ಮಳೆ ಬರುತ್ತಿರುವಾಗ, ನೆಲ ಒದ್ದೆ ಇರುವಾಗ ಹೊರಗಿನ ಬಾಕ್ಸ್ ಮುಟ್ಟಬೇಡಿ. ಎಷ್ಟೇ ಅವಸರವಿದ್ದರೂ ಒಣಗಿದ ಮೇಲೆ ನೋಡಿದರಾಯಿತು. ಬಾಕ್ಸ್ ಬಿಚ್ಚುವುದಾದರೆ ಮನೆಯ ಮೇನ್ ಸ್ವಿಚ್ಚೇ ಆಫ್ ಆಗಬೇಕು. ಆ ಲೈನಿನ ಎಂಸಿಬಿ, ಅಂದರೆ ಫ್ಯೂಸಿನ ಬದಲು ಬಂದ ಸಣ್ಣ ಸ್ವಿಚ್, ಮಾತ್ರ ಇಳಿಸಿದರೆ ಸಾಲದು, ಕಾರಣ ಮುಂದೆ ಬರುತ್ತದೆ. ಮೇನ್ ಆಫ್ ಇದ್ದರೂ ಮೀಟರ್‌ನಿಂದ ಮೇನ್ ಸ್ವಿಚ್‌ಗೆ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆ ಭಾಗಕ್ಕೆ ಮನೆಯವರು ಕೈ ಹಾಕುವ ಹಾಗಿಲ್ಲ. ಮೀಟರ್‌ನಲ್ಲೇ ಕಿಡಿ, ಸುಟ್ಟ ವಾಸನೆ ಕಂಡರೆ 1912ಕ್ಕೆ ಫೋನ್ ಮಾಡಿ ಇಲ್ಲಿನ ವಿದ್ಯುತ್ ಕಂಪನಿ ಮೆಸ್ಕಾಂನವರನ್ನು ಕರೆಯಬೇಕು.

ಜೇಬಿನ ಟೆಸ್ಟರನ್ನು ಪೂರ್ತಿ ನಂಬಬೇಡಿ. ಅದು ಉರಿಯಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲ ಎಂದು ಅರ್ಥವಲ್ಲ. ಒಣ ಹಲಗೆ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಅದು ಮಂಕಾಗಿ ಉರಿಯಬಹುದು, ಹಗಲು ಬೆಳಕಿನಲ್ಲಿ ಕಾಣದೇ ಹೋಗಬಹುದು. ಕರೆಂಟ್ ಇದೆ ಎಂದು ಗೊತ್ತಿರುವ ಒಂದು ಪಾಯಿಂಟಿನಲ್ಲಿ ಮೊದಲು ಅದನ್ನು ಪರೀಕ್ಷಿಸಿ ನೋಡುವ ಅಭ್ಯಾಸ ಇರಲಿ.

ಬಿದ್ದದ್ದು ಯಾವುದು?

"ಟ್ರಿಪ್ ಆಯ್ತು" ಎಂದು ಎಲ್ಲರೂ ಹೇಳುತ್ತಾರೆ. ಡಿಬಿಯಲ್ಲಿ, ಅಂದರೆ ಮನೆಯ ಲೈನುಗಳೆಲ್ಲ ಕವಲೊಡೆಯುವ ಸ್ವಿಚ್ ಪೆಟ್ಟಿಗೆಯಲ್ಲಿ, ಯಾವ ಸ್ವಿಚ್ ಬಿತ್ತು ಎಂದು ನೋಡಿದವರು ಕಮ್ಮಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ, ಆದ್ದರಿಂದ ಮೇಲೆತ್ತುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ.

ಸಣ್ಣ, ಒಂಟಿ ಸ್ವಿಚ್ ಬಿದ್ದಿದ್ದರೆ ಅದು ಎಂಸಿಬಿ. ಅದರ ಮೇಲೆ ಸಿ10, ಸಿ16 ಎಂಬಂತೆ ಬರೆದಿರುತ್ತದೆ. ಎಂಸಿಬಿ ಬೀಳಲು ಎರಡೇ ಕಾರಣ. ಒಂದು ಓವರ್‌ಲೋಡ್, ಇನ್ನೊಂದು ಶಾರ್ಟ್. ಪಸೆ, ಸಣ್ಣ ಸೋರಿಕೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ಟಪ್ ಎಂದು ಬಿದ್ದರೆ ಶಾರ್ಟ್, ಇಲ್ಲವೇ ಮೋಟಾರ್ ಶುರುವಾಗುವಾಗ ಎಳೆಯುವ ಭಾರೀ ಕರೆಂಟ್. ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಬಿದ್ದರೆ ಓವರ್‌ಲೋಡ್, ಇಲ್ಲವೇ ಎಂಸಿಬಿಯ ತಿರುಪು ಸಡಿಲವಾಗಿ ಅಲ್ಲೇ ಬಿಸಿಯಾಗುತ್ತಿದೆ. ಅಂಗಳದ ಪಾಚಿ ತೊಳೆಯುವ ಪ್ರೆಷರ್ ವಾಷರ್ 1,500 ವಾಟ್ ಆಸುಪಾಸಿನದ್ದಾದರೆ ಆರೂವರೆ ಆಂಪಿಯರ್ ಎಳೆಯುತ್ತದೆ. ಅದೇ ಲೈನಿನಲ್ಲಿ ಒಂದು ಎಚ್‌ಪಿ ಪಂಪ್ ಕೂಡ ಓಡುತ್ತಿದ್ದರೆ 10 ಆಂಪಿಯರ್‌ನ ಎಂಸಿಬಿ ಬೀಳುವುದು ಸರಿಯೇ. ಅದು ತನ್ನ ಕೆಲಸ ಮಾಡಿದೆ.

ಅಗಲವಾದ, ಜೋಡಿ ಸ್ವಿಚ್, ಪಕ್ಕದಲ್ಲಿ "ಟಿ" ಎಂದು ಬರೆದ ಪುಟ್ಟ ಬಟನ್ ಇರುವುದು ಬಿದ್ದಿದ್ದರೆ ಅದು ಆರ್‌ಸಿಸಿಬಿ. ಹಳಬರು ಈಗಲೂ ಇಎಲ್‌ಸಿಬಿ ಎನ್ನುತ್ತಾರೆ. ಇದು ಲೆಕ್ಕ ಇಡುವ ಗುಮಾಸ್ತ ಇದ್ದ ಹಾಗೆ. ಫೇಸ್‌ನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದಷ್ಟೇ ನೋಡುತ್ತದೆ. ವ್ಯತ್ಯಾಸ ಬಂದರೆ ಉಳಿದದ್ದು ಬೇರೆ ಎಲ್ಲೋ, ಗೋಡೆಗೋ, ಅರ್ತ್‌ಗೋ, ಮನುಷ್ಯನ ಮೈಗೋ ಹೋಗುತ್ತಿದೆ ಎಂದು ಲೈನ್ ಕಡಿಯುತ್ತದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು. ನಿಯಮದ ಪ್ರಕಾರ ಅದು 15ರವರೆಗೆ ಸುಮ್ಮನಿರಬೇಕು, 30 ಮುಟ್ಟುವಷ್ಟರಲ್ಲಿ ಬೀಳಬೇಕು. ಅಂದರೆ ನಡುವೆ ಎಲ್ಲೋ ಬೀಳುತ್ತದೆ.

ಮಳೆಗಾಲದ ದೂರಿನಲ್ಲಿ ಬೀಳುವುದು ಬಹುತೇಕ ಈ ಆರ್‌ಸಿಸಿಬಿಯೇ. ಮುಂದಿನ ಮಾತೆಲ್ಲ ಅದರ ಬಗ್ಗೆ.

ಒಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. 230 ವೋಲ್ಟನ್ನು 30 ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 7,700 ಓಮ್. ಫೇಸ್ ಮತ್ತು ಅರ್ತ್ ನಡುವೆ ಇಷ್ಟು ಅಥವಾ ಇದಕ್ಕಿಂತ ಕಮ್ಮಿ ರೆಸಿಸ್ಟೆನ್ಸಿನ ಪಸೆಯ ದಾರಿ ಸಿಕ್ಕಿದರೆ ಸ್ವಿಚ್ ಬೀಳಲೇಬೇಕು. ಮನೆಯ ಫ್ರಿಜ್, ವಾಷಿಂಗ್ ಮಷಿನ್, ಕಂಪ್ಯೂಟರ್, ಹಳೇ ಗೀಸರ್ ಕಾಯಿಲ್ ಇವೆಲ್ಲ ಸಹಜವಾಗಿಯೇ ಚೂರುಪಾರು ಸೋರುತ್ತಿರುತ್ತವೆ. ಒಟ್ಟು ಹತ್ತು ಮಿಲಿಆಂಪಿಯರ್ ಹೀಗೆ ಮೊದಲೇ ಖರ್ಚಾಗಿದ್ದರೆ ಹೊರಗಿನ ಬಾಕ್ಸಿನಲ್ಲಿ ಸ್ವಲ್ಪ ಪಸೆ ಸೇರಿದರೂ ಸಾಕು. ಆಗ ತಪ್ಪು ಸಾಕೆಟ್ ಒಂದರದ್ದೇ ಎನ್ನಲಾಗದು. ಗೀಸರ್ ಆಫ್ ಇರುವಾಗ ಎಂಥ ಮಳೆಗೂ ನಿಲ್ಲುತ್ತದೆ, ಬೆಳಿಗ್ಗೆ ಸ್ನಾನದ ಹೊತ್ತಿಗೆ ಮಾತ್ರ ಬೀಳುತ್ತದೆ ಎಂದಾದರೆ ಗೀಸರನ್ನೂ ವಿಚಾರಿಸಿಕೊಳ್ಳಬೇಕು.

ಯಾವಾಗ ಬಿತ್ತು?

ಎರಡನೇ ಪ್ರಶ್ನೆ ಇದು. ಡಿಬಿ ಪಕ್ಕ ಒಂದು ಚೀಟಿ ಅಂಟಿಸಿ ಸಮಯ, ಮಳೆ, ಗಾಳಿ, ಆಗ ಓಡುತ್ತಿದ್ದ ಸಾಮಾನು ಇಷ್ಟನ್ನು ಬರೆಯುತ್ತಾ ಹೋಗಿ. ಎಲೆಕ್ಟ್ರಿಶಿಯನ್‌ಗೆ ನೀವು ಕೊಡಬಹುದಾದ ಅತಿ ಬೆಲೆಬಾಳುವ ವಸ್ತು ಆ ಚೀಟಿ.

ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಬಿದ್ದರೆ ನೀರು ನೇರವಾಗಿ ಒಳಗೆ ಹೋಗುತ್ತಿದೆ. ಪಡುವಣಕ್ಕೆ ಮುಖ ಮಾಡಿದ ಗೋಡೆಯ ಸಾಕೆಟ್ ಆಗಿದ್ದರೆ ಅನುಮಾನವೇ ಬೇಡ. ಮಳೆ ನಿಂತು ಕೆಲವು ಗಂಟೆ ಕಳೆದ ಮೇಲೆ, ಬಿಸಿಲಲ್ಲಿ ಬಿದ್ದರೆ? ಆಗ ನೀರು ಗೋಡೆಯೊಳಗಿಂದ, ತಂತಿ ಎಳೆದ ಪೈಪಿನೊಳಗಿಂದ ನಿಧಾನ ಇಳಿದು ಬಂದಿದೆ. ಮುರಕಲ್ಲಿನ ಗೋಡೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಕಂಪೌಂಡಿನ ನೆತ್ತಿಗೆ ಗಾರೆ ಹಾಕದೆ ಬಿಟ್ಟಿದ್ದರಂತೂ ಅದು ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ.

ಡಿಸೆಂಬರ್, ಜನವರಿಯಲ್ಲಿ, ಮಳೆಯೇ ಇಲ್ಲದಾಗ ಬೆಳಗಿನ ಜಾವ ಬಿದ್ದು ಹತ್ತು ಗಂಟೆಯ ಬಿಸಿಲಿಗೆ ಸರಿಹೋಗುವುದು ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂಥ ಕಡಲ ಪಕ್ಕದ ಮನೆಗಳ ವಿಶೇಷ. ಕಡಲ ಗಾಳಿಯ ಉಪ್ಪು ಸಾಕೆಟಿನ ಮೈಮೇಲೆ, ಒಳಗಿನ ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಕೂರುತ್ತದೆ. ಉಪ್ಪಿಗೆ ತೇವ ಎಳೆಯುವ ಗುಣ. ಇಬ್ಬನಿ ಬಿದ್ದರೆ ಸಾಕು, ಆ ಪದರ ಕರೆಂಟಿಗೆ ದಾರಿಯಾಗುತ್ತದೆ. ಹೊರಗಿಂದ ನೋಡಿದರೆ ಸಾಕೆಟ್ ಹೊಸದರ ಹಾಗೇ ಇರುತ್ತದೆ. ಈ ಒಂದು ಕೇಸಿನಲ್ಲಿ ಸಾಕೆಟ್ ಬದಲಿಸುವುದೇ ಸರಿಯಾದ ಮದ್ದು.

ಸಿಡಿಲು ಹೊಡೆದ ಕ್ಷಣಕ್ಕೇ ಬಿದ್ದು, ಮೇಲೆತ್ತಿದ ಮೇಲೆ ಏನೂ ಆಗದಂತೆ ನಿಂತರೆ ಸಾಕೆಟಿನ ತಂಟೆಗೆ ಹೋಗಬೇಡಿ. ಏಪ್ರಿಲ್-ಮೇ ಸಂಜೆಗಳಲ್ಲಿ, ಅಕ್ಟೋಬರ್-ನವೆಂಬರ್‌ನಲ್ಲಿ ಘಟ್ಟದ ಕಡೆಯಿಂದ ಗುಡುಗು ಬರುವಾಗ ಇದು ಮಾಮೂಲು. ಸರ್ಜ್, ಅಂದರೆ ವೋಲ್ಟೇಜಿನ ಹಠಾತ್ ಏರಿಕೆ, ತಡೆಯುವ ಸಾಧನ ಹಾಕಿಸುವ ವಿಚಾರ ಬೇರೆ. ಅದೇ ಅಕ್ಟೋಬರ್-ನವೆಂಬರ್‌ನಲ್ಲಿ ದೀಪಾವಳಿಯ ಗೂಡುದೀಪ, ಆಮೇಲೆ ಕ್ರಿಸ್ಮಸ್ ನಕ್ಷತ್ರ, ಗೋದಲಿಯ ಸೀರಿಯಲ್ ಸೆಟ್ ಎಲ್ಲ ಹೊರಗಿನ ಪಾಯಿಂಟಿಗೇ ಬರುತ್ತವೆ. ಆ ತೆಳು ತಂತಿಗಳ ಟೇಪ್ ಸುತ್ತಿದ ಜಾಯಿಂಟುಗಳನ್ನು ಮೊದಲು ಕಳಚಿ ನೋಡಿ. ಸಾಕೆಟ್ ಅನ್ನು ಬೈಯುವುದು ಆಮೇಲಾಗಲಿ.

ಕರೆಂಟ್ ಹೋಗಿ ಬಂದಾಗ ಮಾತ್ರ ಬೀಳುತ್ತದೆ ಎಂದರೆ ಇನ್ವರ್ಟರ್ ವೈರಿಂಗ್ ನೋಡಿಸಿ. ಇನ್ವರ್ಟರಿಗೆ ಲೈನನ್ನು ಆರ್‌ಸಿಸಿಬಿಯ ಮೊದಲು ತೆಗೆದು ನ್ಯೂಟ್ರಲನ್ನು ಅದರ ನಂತರದ್ದಕ್ಕೆ ಸೇರಿಸಿಬಿಟ್ಟಿದ್ದರೆ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ.

ಎಲ್ಲ ಕಳಚಿ, ಒಂದೊಂದೇ ಹಾಕಿ

ಹೊರಗಿನ ಪಾಯಿಂಟಿಗೆ ಚುಚ್ಚಿದ್ದೆಲ್ಲ ಕಳಚಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಸ್ವಿಚ್ ಆಫ್ ಇದ್ದರೂ ಅರ್ತ್ ಮತ್ತು ನ್ಯೂಟ್ರಲ್ ತಂತಿಗಳು ಸಾಮಾನಿಗೆ ಸೇರಿಕೊಂಡೇ ಇರುತ್ತವೆ. ಈಗ ಆರ್‌ಸಿಸಿಬಿ ಎತ್ತಿ. ನಿಂತರೆ ದೋಷ ಪಂಪ್, ವಾಷರ್, ಎಕ್ಸ್‌ಟೆನ್ಷನ್ ಇಂಥದ್ದರಲ್ಲಿ. ನೆಲ ಒಣಗಿದ ಮೇಲೆ ಒಂದೊಂದನ್ನೇ ಹಾಕಿ ನೋಡಿ.

ಎಕ್ಸ್‌ಟೆನ್ಷನ್ ಬೋರ್ಡು ಇಲ್ಲಿ ದೊಡ್ಡ ಕಳ್ಳ. ಅಂಗಳದ ನೀರಲ್ಲಿ ಅದರ ತಂತಿ ಬಿದ್ದಿರುತ್ತದೆ, ನಡುವಿನ ಜಾಯಿಂಟ್ ನೆನೆದಿರುತ್ತದೆ, ಬೈಗುಳ ಮಾತ್ರ ಗೋಡೆಯ ಸಾಕೆಟಿಗೆ. ಪಂಪಿನದ್ದು ಬೇರೆ ಕತೆ. ತೋಟದ ಪಂಪ್ ಮಳೆಗಾಲ ಇಡೀ ಸುಮ್ಮನೆ ಕೂತಿರುತ್ತದೆ, ವೈಂಡಿಂಗ್ ಪಸೆ ಎಳೆದಿರುತ್ತದೆ. ಮಳೆ ಮುಗಿದು ಗಿಡಗಳಿಗೆ ಮೊದಲ ಸಲ ನೀರು ಬಿಡುವ ದಿನ ಆರ್‌ಸಿಸಿಬಿ ಬೀಳುತ್ತದೆ. ವೈಂಡಿಂಗ್ ಒಣಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಹೋಗದಿದ್ದರೆ ಸೀಲ್ ಸೋರಿ ನೀರು ಮೋಟಾರಿಗೆ ಇಳಿದಿದೆ. ಬಾವಿಯೊಳಗೆ ಮುಳುಗಿರುವ ಪಂಪ್ ಆದರೆ ನೀರಿನೊಳಗಿನ ಕೇಬಲ್ ಜಾಯಿಂಟ್ ಮೊದಲ ಆರೋಪಿ.

ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ಬೀಳುತ್ತದಲ್ಲ!

ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿ. ಅನುಭವಿ ಎಲೆಕ್ಟ್ರಿಶಿಯನ್‌ಗಳೂ ಕೆಲವೊಮ್ಮೆ ತಪ್ಪುತ್ತಾರೆ. ಹೊರಗಿನ ಲೈನಿನ ಎಂಸಿಬಿ ಇಳಿಸುತ್ತೀರಿ. ಆರ್‌ಸಿಸಿಬಿ ಆದರೂ ಬೀಳುತ್ತದೆ. ಸರಿ, ಹೊರಗಿನ ಲೈನ್ ತಪ್ಪಿಲ್ಲ ಎಂದು ತೀರ್ಮಾನಿಸಿ ಅಡುಗೆಮನೆ, ಬಚ್ಚಲುಮನೆ ಹುಡುಕಲು ಹೊರಡುತ್ತೀರಿ.

ಆ ತೀರ್ಮಾನ ಸರಿಯಲ್ಲ. ನಮ್ಮ ಮನೆಗಳ ಎಂಸಿಬಿ ಸಾಮಾನ್ಯವಾಗಿ ಒಂಟಿ ಪೋಲಿನದ್ದು. ಅದು ಕಡಿಯುವುದು ಫೇಸ್ ತಂತಿಯನ್ನು ಮಾತ್ರ. ಕಪ್ಪು ತಂತಿ, ಅಂದರೆ ನ್ಯೂಟ್ರಲ್, ಡಿಬಿಯ ನ್ಯೂಟ್ರಲ್ ಪಟ್ಟಿಗೆ ಸೇರಿಕೊಂಡೇ ಇರುತ್ತದೆ. ಹೊರಗಿನ ಬಾಕ್ಸಿನಲ್ಲಿ ಆ ಕಪ್ಪು ತಂತಿ ಅರ್ತ್‌ನ ಹಸಿರು ತಂತಿಗೆ ತಾಗಿದ್ದರೆ ಎಂಸಿಬಿ ಇಳಿಸಿ ಏನೂ ಪ್ರಯೋಜನವಿಲ್ಲ. ಮನೆಯೊಳಗೆ ಮಿಕ್ಸಿ ಹಾಕಿದರೆ, ಅದರ ವಾಪಸ್ ಕರೆಂಟಿನಲ್ಲಿ ಒಂದು ಪಾಲು ಈ ಅಡ್ಡದಾರಿ ಹಿಡಿದು ಭೂಮಿಗೆ ಇಳಿಯುತ್ತದೆ. ಲೆಕ್ಕ ತಪ್ಪಿತು, ಆರ್‌ಸಿಸಿಬಿ ಬಿತ್ತು. ಪಾಪ, ಮಿಕ್ಸಿ ರಿಪೇರಿಗೆ ಹೋಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಎಲ್ಲ ಲೋಡ್ ಆಫ್ ಇದ್ದಾಗ ಆರ್‌ಸಿಸಿಬಿ ನಿಲ್ಲುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಯಾವುದೇ ದೊಡ್ಡ ಲೋಡ್ ಹಾಕಿದರೂ ಬೀಳುತ್ತದೆ. ಒಂದೇ ಸಾಮಾನಿಗೆ ಬಿದ್ದರೆ ಆ ಸಾಮಾನಿನ ಮೇಲೆ ಅನುಮಾನ. ಯಾವುದಕ್ಕೂ ಬೀಳುತ್ತದೆ ಎಂದರೆ ನ್ಯೂಟ್ರಲ್-ಅರ್ತ್ ಎಲ್ಲೋ ಕೂಡಿದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಇರುವ ವೋಲ್ಟೇಜ್ ಒಂದೆರಡು ವೋಲ್ಟ್ ಅಷ್ಟೇ. ಎರಡು ವೋಲ್ಟಿನಲ್ಲಿ 30 ಮಿಲಿಆಂಪಿಯರ್ ಹರಿಯಬೇಕಾದರೆ ದಾರಿಯ ರೆಸಿಸ್ಟೆನ್ಸ್ 67 ಓಮ್‌ಗಿಂತ ಜಾಸ್ತಿ ಇರಬಾರದು. ಬರೀ ಪಸೆ ಅಷ್ಟು ಒಳ್ಳೆಯ ದಾರಿ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಹುಡುಕಬೇಕಾದದ್ದು ನೀರನ್ನಲ್ಲ, ಲೋಹ ಲೋಹಕ್ಕೆ ತಾಗಿದ ಜಾಗವನ್ನು. ಬಾಕ್ಸಿನ ಸ್ಕ್ರೂ ಕಪ್ಪು ತಂತಿಯ ಮೈ ಕೊರೆದಿರಬಹುದು. ಕಬ್ಬಿಣದ ಬಾಕ್ಸಿನ ಅಂಚಿಗೆ ತಂತಿ ಸಿಕ್ಕಿ ಜಜ್ಜಿರಬಹುದು. ತಿರುಪಿನಿಂದ ಹೊರಬಂದ ಒಂದು ಎಳೆ ಪಕ್ಕದ ಅರ್ತ್ ತಿರುಪಿಗೆ ತಾಗಿರಬಹುದು.

ಹಾಗಾದರೆ ಇಂಥ ದೋಷ ಮಳೆಗಾಲದಲ್ಲೇ ಯಾಕೆ ಏಳುತ್ತದೆ? ಆ ಕರೆಂಟ್ ಹೋಗಬೇಕಾದ ದಾರಿಯಲ್ಲಿ ನಮ್ಮ ಅರ್ತ್ ಗುಂಡಿಯೂ ಇದೆ. ಮುರಕಲ್ಲಿನ ನೆಲ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಕಾದಾಗ ಗುಂಡಿಯ ರೆಸಿಸ್ಟೆನ್ಸ್ ಏರಿ ಕೂತಿರುತ್ತದೆ. ನ್ಯೂಟ್ರಲ್ ತಾಗಿದ್ದರೂ ಹರಿಯುವ ಕರೆಂಟ್ ಸಾಕಾಗುವುದಿಲ್ಲ. ಜೂನ್‌ನಲ್ಲಿ ನೆಲ ನೆನೆಯಿತು, ಗುಂಡಿ ಚುರುಕಾಯಿತು, ವರ್ಷಗಟ್ಟಲೆ ಮಲಗಿದ್ದ ತಪ್ಪು ಎದ್ದಿತು. ಸಾಕೆಟಿನೊಳಗೆ ಒಂದು ಹನಿ ನೀರು ಇಲ್ಲದೆಯೂ "ಮಳೆಗೆ ಟ್ರಿಪ್" ಆಗುವುದು ಹೀಗೆ. ಇದನ್ನು ತಿಳಿಯದೆ ಸಿಲಿಕೋನ್ ಬಳಿದು ಬಳಿದು ಸುಸ್ತಾಗುವವರು ಇದ್ದಾರೆ.

ಖಚಿತ ಮಾಡಿಕೊಳ್ಳಲು ಎಲೆಕ್ಟ್ರಿಶಿಯನ್ ಮೇನ್ ಆಫ್ ಮಾಡಿ, ಹೊರಗಿನ ಲೈನಿನ ಕಪ್ಪು ತಂತಿಯನ್ನು ನ್ಯೂಟ್ರಲ್ ಪಟ್ಟಿಯಿಂದ ಬಿಡಿಸಬೇಕು. ಕೆಂಪು ತಂತಿಯನ್ನೂ ಎಂಸಿಬಿಯಿಂದ ಬಿಡಿಸಿ ಎರಡರ ತುದಿಯನ್ನೂ ಮುಚ್ಚಿಡಬೇಕು. ಆಮೇಲೆ ಮೇನ್ ಹಾಕಿ ಗೀಸರ್ ಓಡಿಸಿ ನೋಡುವುದು. ಈಗ ನಿಂತರೆ ಹೊರಗಿನ ಲೈನೇ ತಪ್ಪಿತಸ್ಥ, ಇನ್ನು ಮನೆಯೊಳಗೆ ಹುಡುಕುವ ಕೆಲಸವಿಲ್ಲ. ಯಾವ ಕಪ್ಪು ತಂತಿ ಯಾವ ಲೈನಿನದ್ದು ಎಂದು ಹಳೇ ಡಿಬಿಗಳಲ್ಲಿ ಗುರುತು ಹಾಕಿರುವುದಿಲ್ಲ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ತಾಳ್ಮೆ ಇರಲಿ.

ಬಾಕ್ಸ್ ಬಿಚ್ಚಿದಾಗ ಏನು ನೋಡಬೇಕು?

ನೀರೇ ಕಾರಣ ಎಂದಾದರೆ ಅದು ಎದುರಿನಿಂದ ಬಂತಾ, ಹಿಂದಿನಿಂದಲಾ, ಮೇಲಿನಿಂದಲಾ ಎಂದು ತಿಳಿಯಬೇಕು. ಒರೆಸುವ ಮೊದಲು ನೋಡಿ, ಫೋಟೊ ತೆಗೆಯಿರಿ. ಒರೆಸಿಬಿಟ್ಟರೆ ಸಾಕ್ಷಿ ಹೋಯ್ತು.

ಮೇಲ್ಭಾಗದಲ್ಲಿ ಪೈಪ್ ಬಾಯಿಯಿಂದ ಕೆಳಗೆ ತುಕ್ಕಿನ ಗೆರೆ ಇಳಿದಿದ್ದರೆ ನೀರು ಪೈಪಿನಿಂದ ಬರುತ್ತಿದೆ. ಬಾಕ್ಸಿನ ಹಿಂಬದಿಯಲ್ಲಿ ಬಿಳಿ ಹುಡಿ ಕೂತಿದ್ದರೆ ಗೋಡೆ ನೆನೆದಿದೆ. ಕೆಳಗೆ ಕೆಸರಿನ ಗೆರೆ ಇದ್ದರೆ ನೆಲದ ಪೈಪಿನಿಂದ ಉಕ್ಕಿದ ನೀರು. ಸಾಕೆಟಿನ ತೂತಿನ ಸುತ್ತ ಮಾತ್ರ ಕಿಲುಬು ಹಿಡಿದು ಹಸಿರಾಗಿದ್ದರೆ ಎದುರಿನಿಂದ. ಮುಚ್ಚಳದ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ಪ್ಲಗ್ ಚುಚ್ಚಿಟ್ಟು ಮುಚ್ಚಳ ತೆರೆದೇ ಬಿಟ್ಟಿದ್ದಾರೆ.

ನನಗೆ ಹೆಚ್ಚು ಕಂಡದ್ದು ಪೈಪಿನಿಂದ ಬರುವ ನೀರು. ಅದರಲ್ಲೂ ಗೇಟಿನ ಕಂಬದ ಮೇಲಿನ ಲೈಟ್. ಲೈಟಿನ ಗಾಜು ಬಿರುಕು ಬಿಟ್ಟಿರುತ್ತದೆ, ಅದರ ಬುಡದಿಂದ ಪಿವಿಸಿ ಪೈಪ್ ಕಂಬದೊಳಗೆ ಇಳಿದು ನೇರ ಸಾಕೆಟ್ ಬಾಕ್ಸಿನ ನೆತ್ತಿಗೆ ಬರುತ್ತದೆ. ಮಳೆನೀರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ? ಟೆರೇಸಿನಿಂದ ಒಗೆಯುವ ಕಲ್ಲಿನ ಪಾಯಿಂಟಿಗೆ ಇಳಿಯುವ ಪೈಪೂ ಹಾಗೇ. ಮೇಲಿನ ಬಾಯಿ ತೆರೆದಿದ್ದರೆ ಕೆಳಗೆ ಎಷ್ಟು ದುಬಾರಿ ಬಾಕ್ಸ್ ಹಾಕಿದರೂ ಅದು ಒಳಗಿನಿಂದಲೇ ತುಂಬುತ್ತದೆ. ಬಾಕ್ಸ್ ಎಷ್ಟು ಧೂಳು, ನೀರು ತಡೆಯುತ್ತದೆ ಎಂದು ಹೇಳುವ ಐಪಿ66 ಎಂಬ ಗುರುತು ಹೊರಗಿನ ನೀರಿನ ಮಾತು. ಅದೂ ಮುಚ್ಚಳ ಮುಚ್ಚಿದಾಗ ಮಾತ್ರ.

ಅನುಮಾನ ಉಳಿದರೆ ಸುಲಭದ ಒಂದು ಉಪಾಯ ಇದೆ. ಲೈನನ್ನು ಡಿಬಿಯಲ್ಲಿ ಪೂರ್ತಿ ಬಿಡಿಸಿದ ಸ್ಥಿತಿಯಲ್ಲಿ, ಪ್ರತಿ ಪೈಪ್ ಬಾಯಿಯ ಕೆಳಗೆ, ಬಾಕ್ಸಿನ ಹಿಂಬದಿಗೆ, ಮುಚ್ಚಳದ ಒಳಬದಿಗೆ ಒಂದೊಂದು ತುಂಡು ಒಣ ನ್ಯೂಸ್‌ಪೇಪರ್ ಸಿಕ್ಕಿಸಿ ಮುಚ್ಚಿಬಿಡಿ. ಒಂದು ಮಳೆಯ ರಾತ್ರಿ ಕಳೆಯಲಿ. ಬೆಳಿಗ್ಗೆ ಯಾವ ತುಂಡು ಒದ್ದೆಯಾಗಿದೆ ನೋಡಿದರೆ ವಾದ ಮುಗಿಯಿತು.

ನೀರಲ್ಲದೆ ಬಾಡಿಗೆದಾರರೂ ಇರುತ್ತಾರೆ. ಇರುವೆ ಗೂಡು ಕಟ್ಟಿ ಮಣ್ಣು ತುಂಬಿದರೆ ಅದು ಪಸೆ ಹಿಡಿದಿಡುತ್ತದೆ. ಹಲ್ಲಿ ಎರಡು ತಿರುಪಿನ ನಡುವೆ ಸತ್ತು ಒಣಗಿರುವುದು ಹೊಸತಲ್ಲ. ಕುಂಬಾರ ಹುಳಕ್ಕೆ ಮೇಲಿನ ದಪ್ಪ ತೂತು, ಅಂದರೆ ಅರ್ತ್ ಪಿನ್ನಿನ ತೂತು, ಬಹಳ ಇಷ್ಟ. ಅದು ಅಲ್ಲಿ ಮಣ್ಣು ಮೆತ್ತಿದರೆ ಪ್ಲಗ್ಗಿನ ಅರ್ತ್ ಸರಿಯಾಗಿ ಕೂರುವುದೇ ಇಲ್ಲ. ಇದು ಟ್ರಿಪ್ ಮಾಡಿಸುವುದಿಲ್ಲ. ಟ್ರಿಪ್ ಆಗಬೇಕಾದಾಗ ಆಗದಂತೆ ಮಾಡುತ್ತದೆ, ಅದು ಇನ್ನೂ ಅಪಾಯ.

ಮೆಗ್ಗರ್ ಹಾಕಿಸಿ

ಕಣ್ಣಿಗೆ ಏನೂ ಕಾಣದಿದ್ದರೆ ಅಳೆಯಲೇಬೇಕು. ಮಲ್ಟಿಮೀಟರ್ ಬ್ಯಾಟರಿಯ ಸಣ್ಣ ವೋಲ್ಟೇಜಿನಲ್ಲಿ ಅಳೆಯುತ್ತದೆ, 230 ವೋಲ್ಟಿಗೆ ಸೋರುವ ಜಾಗ ಅದಕ್ಕೆ ಸಿಗದೇ ಹೋಗಬಹುದು. ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್ ಆದ ಮೆಗ್ಗರ್ 500 ವೋಲ್ಟ್ ಡಿಸಿ ಕೊಟ್ಟು ನೋಡುತ್ತದೆ. ಲೈನನ್ನು ಡಿಬಿಯಿಂದ ಬಿಡಿಸಿ, ಹೊರಗೆ ಚುಚ್ಚಿದ್ದೆಲ್ಲ ಕಳಚಿ, ಎಲ್‌ಇಡಿ ಲೈಟ್ ಇದ್ದರೆ ಅದನ್ನೂ ತೆಗೆದು, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್, ಫೇಸ್-ನ್ಯೂಟ್ರಲ್ ಮೂರನ್ನೂ ಅಳೆಯಬೇಕು. ಒಣಗಿದ ಒಳ್ಳೆಯ ಲೈನ್ ನೂರಾರು ಮೆಗಾಓಮ್ ತೋರಿಸುತ್ತದೆ. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಆ ಲೈನ್ ಒಪ್ಪುವಂಥದ್ದಲ್ಲ. ಬಿಸಿಲಲ್ಲಿ 200 ಇದ್ದದ್ದು ಮಳೆಯ ಮರುದಿನ 2ಕ್ಕೆ ಇಳಿದಿದ್ದರೆ ಸ್ವಿಚ್ ಇನ್ನೂ ಬೀಳದಿದ್ದರೂ ನೀರು ದಾರಿ ಕಂಡುಕೊಂಡಿದೆ ಎಂದು ತಿಳಿಯಿರಿ. ಮಳೆಯಾದ ಮೇಲೆ ಅಳೆಯುವುದೇ ಇದಕ್ಕೆ ಸರಿಯಾದ ಸಮಯ. ಮೇ ತಿಂಗಳಲ್ಲಿ ಎಲ್ಲ ಲೈನೂ ಪಾಸಾಗುತ್ತದೆ.

ಲೈನಿನ ನಡುವೆ ಜಂಕ್ಷನ್ ಬಾಕ್ಸ್ ಇದ್ದರೆ ಅಲ್ಲಿ ಬಿಡಿಸಿ ಎರಡೂ ಕಡೆ ಬೇರೆ ಬೇರೆ ಅಳೆಯಿರಿ. ಮನೆಯಿಂದ ಗೇಟಿಗೆ ನೆಲದಡಿ ಹೋದ ಪೈಪ್ ಆದರೆ ಹುಡುಕಾಟ ಅಲ್ಲಿಗೇ ಮುಗಿಯುವುದು ಜಾಸ್ತಿ. ಜೂನ್ ನಂತರ ಆ ಪೈಪ್ ನೀರು ತುಂಬಿ ಕೂತಿರುತ್ತದೆ. ಮನೆಯೊಳಗೆ ಎಳೆಯುವ ಒಂಟಿ ತಂತಿಗಳು ತಿಂಗಳುಗಟ್ಟಲೆ ನೀರಲ್ಲಿ ಮುಳುಗಿರಲು ಮಾಡಿದ್ದಲ್ಲ. ನಡುವೆ ಯಾರೋ ಟೇಪ್ ಸುತ್ತಿ ಜಾಯಿಂಟ್ ಮಾಡಿದ್ದರೆ ಹೇಳುವುದೇ ಬೇಡ.

ಸರಿಮಾಡುವಾಗ

ಪೈಪ್ ಬಾಯಿಗಳನ್ನು ಒಳಗೆ ಒಣಗಿಸಿ, ತಂತಿಯ ಸುತ್ತ ಡಕ್ಟ್ ಸೀಲ್ (ಪೈಪ್ ಬಾಯಿ ಮುಚ್ಚುವ ಮೆತ್ತನೆಯ ಮೇಣದಂಥ ವಸ್ತು) ಅಥವಾ ಸಿಲಿಕೋನ್ ಹಾಕಿ ಮುಚ್ಚಿ. ಮೊದಲು ಮೇಲಿನ ತುದಿ, ಆಮೇಲೆ ಕೆಳಗಿನದ್ದು. ಹೊಸ ಬಾಕ್ಸ್ ಹಾಕುವುದಾದರೆ ಗೋಡೆ ಕೊರೆದು ಹೂಳುವ ಕಬ್ಬಿಣದ್ದು ಬೇಡ. ಗೋಡೆಯ ಮೇಲೆ ಕೂರುವ ಐಪಿ65 ಅಥವಾ ಐಪಿ66ರ ಪ್ಲಾಸ್ಟಿಕ್ ಬಾಕ್ಸ್ ಹಾಕಿ, ತಂತಿ ಕೆಳಗಿನಿಂದ ಒಳಗೆ ಬರಲಿ. ತಂತಿ ಒಮ್ಮೆ ಬಾಗಿ ಇಳಿದು ಮೇಲೇರಿದರೆ ಅದರ ಮೇಲೆ ಹರಿದ ನೀರು ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ಕಡಲ ಪಕ್ಕ ಸಾದಾ ಸ್ಕ್ರೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ತಲೆ ತುಂಡಾಗುತ್ತದೆ. ಜಾಗ ಬದಲಿಸಲು ಸಾಧ್ಯವಿದ್ದರೆ ಮೂಡು ಗೋಡೆ, ಸೂರಿನ ಕೆಳಗೆ, ನೆಲದಿಂದ ಒಂದು ಮೀಟರಾದರೂ ಎತ್ತರ. ಅಂಗಳದ ಕಲ್ಲಿಗೆ ಬಿದ್ದ ಹನಿ ಎಷ್ಟು ಮೇಲೆ ಚಿಮ್ಮುತ್ತದೆ ಎನ್ನುವುದು ಗೋಡೆಯ ಕೆಂಪು ಕಲೆ ನೋಡಿದರೆ ಗೊತ್ತಾಗುತ್ತದೆ.

ಸಿಲಿಕೋನ್ ಹಚ್ಚುವಾಗ ಬಾಕ್ಸಿನ ಮೇಲೆ ಮತ್ತು ಎರಡು ಬದಿಗೆ ಸಾಕು. ಕೆಳಗಿನ ಅಂಚನ್ನು ಬಿಟ್ಟುಬಿಡಿ. ತಯಾರಕರು ಗುರುತು ಹಾಕಿದ್ದರೆ ಬಾಕ್ಸಿನ ಅತಿ ಕೆಳಗಿನ ಮೂಲೆಯಲ್ಲಿ ನೀರು ಇಳಿಯುವ ಪುಟ್ಟ ತೂತು ತೆರೆಸಿ. ಸುತ್ತಲೂ ಗಟ್ಟಿಯಾಗಿ ಮುಚ್ಚಿದ ಬಾಕ್ಸಿನಲ್ಲಿ ರಾತ್ರಿ ತಂಪಿಗೆ ಒಳಗಿನ ಗಾಳಿಯ ತೇವವೇ ಹನಿಗಟ್ಟುತ್ತದೆ, ಹೊರಹೋಗಲು ದಾರಿ ಇರುವುದಿಲ್ಲ.

ನೆಲದಡಿಯ ಲೈನ್ ಹಾಳಾಗಿದ್ದರೆ ಜಾಯಿಂಟ್ ಇಲ್ಲದ ಆರ್ಮರ್ಡ್ ಕೇಬಲ್, ಅಂದರೆ ಲೋಹದ ಕವಚವಿರುವ ಕೇಬಲ್, ಎಳೆಸುವುದೇ ವಾಸಿ. ಖರ್ಚು ಜಾಸ್ತಿ ಹೌದು. ಆದರೆ ಹಳೇ ಪೈಪನ್ನು ಪ್ರತಿ ವರ್ಷ ಅಗೆಯುವ ಖರ್ಚೂ ಕಮ್ಮಿಯಲ್ಲ.

ಹೊರಗಿನ ಲೈನಿಗೆ ಪ್ರತ್ಯೇಕ 30 ಮಿಲಿಆಂಪಿಯರ್‌ನ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಸ್ವಿಚ್) ಹಾಕಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದನ್ನು ಮನೆಯ ಆರ್‌ಸಿಸಿಬಿಗಿಂತ ಮೊದಲೇ ಕವಲು ತೆಗೆಯಬೇಕು. ಆಗ ಹೊರಗೆ ಏನಾದರೂ ಆದರೆ ಫ್ರಿಜ್, ವೈಫೈ ನಿಲ್ಲುವುದಿಲ್ಲ, ಅನುಮಾನವಿದ್ದಾಗ ಒಂದು ಸ್ವಿಚ್ ಇಳಿಸಿದರೆ ಆ ಲೈನ್ ಪೂರ್ತಿ ಬೇರೆಯಾಗುತ್ತದೆ. ಹಾಕುವಾಗ ಅದರ ನ್ಯೂಟ್ರಲನ್ನು ಹಳೇ ಪಟ್ಟಿಗೆ ಸೇರಿಸಿಬಿಟ್ಟರೆ ಲೋಡ್ ಹಾಕಿದ ಕೂಡಲೇ ಬೀಳುತ್ತದೆ. ಹೊಸದು ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕೊಡುವ ಮೊದಲು ಇದನ್ನು ನೋಡಿ.

ಇನ್ನು ಮಾಡಬಾರದ್ದು. 30ರ ಬದಲು 100 ಮಿಲಿಆಂಪಿಯರಿನದ್ದು ಹಾಕಿ ಎನ್ನುವ ಸಲಹೆ ಬರುತ್ತದೆ. ಟ್ರಿಪ್ ನಿಲ್ಲುತ್ತದೆ, ನಿಜ. ಆದರೆ 30 ಎನ್ನುವ ಅಂಕಿ ಇರುವುದು ಮನುಷ್ಯನ ಎದೆಬಡಿತದ ಲೆಕ್ಕದಲ್ಲಿ, ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ 100 ರಕ್ಷಣೆಯೇ ಅಲ್ಲ. ಆರ್‌ಸಿಸಿಬಿ ಬೈಪಾಸ್ ಮಾಡುವುದು, ಹಸಿರು ತಂತಿ ಕತ್ತರಿಸಿ ಬಿಡುವುದು ಇನ್ನೂ ಕೆಟ್ಟದ್ದು. ಅರ್ತ್ ಕತ್ತರಿಸಿದರೆ ಟ್ರಿಪ್ ನಿಲ್ಲುವುದು ಸೋರಿಕೆ ನಿಂತದ್ದಕ್ಕಲ್ಲ. ಸೋರಿದ ಕರೆಂಟ್ ಪಂಪಿನ ಮೈಮೇಲೆ ಕೂತು ಮುಟ್ಟುವವರಿಗಾಗಿ ಕಾಯುತ್ತಿರುತ್ತದೆ. ಎಂಸಿಬಿ ಪದೇ ಪದೇ ಬೀಳುತ್ತದೆಂದು 10ರ ಜಾಗಕ್ಕೆ 32 ಹಾಕಿದರೆ ಮುಂದೆ ಸುಡುವುದು ಗೋಡೆಯೊಳಗಿನ ತಂತಿ.

ಕೆಲಸ ಮುಗಿದ ಮೇಲೆ ಮಳೆಗೆ ಕಾಯಬೇಕಿಲ್ಲ. ಲೈನ್ ಬಿಡಿಸಿಟ್ಟಿರುವಾಗಲೇ ತೋಟಕ್ಕೆ ನೀರು ಬಿಡುವ ಪೈಪಿನಿಂದ ಗೋಡೆಗೆ, ಕಂಬದ ನೆತ್ತಿಗೆ, ತಂತಿಯ ಪೈಪ್ ಇಳಿಯುವ ಜಾಗಕ್ಕೆ ಅರ್ಧ ಗಂಟೆ ನೀರು ಬಿಟ್ಟು ಮತ್ತೆ ಮೆಗ್ಗರ್ ಹಾಕಿಸಿ. ರೀಡಿಂಗ್ ಕುಸಿಯದಿದ್ದರೆ ಲೈನ್ ಸೇರಿಸಿ. ಆಮೇಲೆ "ಟಿ" ಬಟನ್ ಒತ್ತಿ ನೋಡಿ, ತಿಂಗಳಿಗೊಮ್ಮೆ ಹೀಗೆ ಒತ್ತುವ ಅಭ್ಯಾಸ ಇಟ್ಟುಕೊಳ್ಳಿ. ಆ ಬಟನ್ ಆರ್‌ಸಿಸಿಬಿಯ ಆರೋಗ್ಯ ಮಾತ್ರ ಹೇಳುತ್ತದೆ. ಅರ್ತ್ ತಂತಿಯೇ ತುಂಡಾಗಿದ್ದರೂ ಅದು ಒತ್ತಿದ ಕೂಡಲೇ ಬೀಳುತ್ತದೆ, ಹಾಗಾಗಿ ಅರ್ತ್ ಗುಂಡಿಯನ್ನು ಬೇರೆಯೇ ಅಳೆಸಬೇಕು, ಅದೂ ಏಪ್ರಿಲ್ ಬಿಸಿಲಲ್ಲಿ. ಮೂರು ಮೆಗ್ಗರ್ ರೀಡಿಂಗು, ಅರ್ತ್ ರೀಡಿಂಗು, ತಾರೀಕು, ಯಾವ ಕಪ್ಪು ತಂತಿ ಹೊರಗಿನದ್ದು ಎಂಬ ಗುರುತು, ಇಷ್ಟನ್ನು ಡಿಬಿ ಮುಚ್ಚಳದ ಒಳಬದಿಗೆ ಬರೆದು ಅಂಟಿಸಲು ಎಲೆಕ್ಟ್ರಿಶಿಯನ್‌ಗೆ ಹೇಳಿ.